ಎಲ್ಲರಿಗೂ ಒಂದೇ ಮೂಗು

ಕೆಟೂರಾ ಪಿಲ್ಲಿಂಗ್ ತೊಳೆದಷ್ಟು ನಟಿಯರ ಮುಖಗಳನ್ನು ಲಿವರ್‌ಪೂಲಿನಲ್ಲಿ ಇನ್ಯಾರೂ ತೊಳೆದಿರಲಿಕ್ಕಿಲ್ಲ. ಹಾಗಂತ ಅವಳು ಥಿಯೇಟರಿನಲ್ಲಿ ಕೆಲಸಕ್ಕಿದ್ದವಳಲ್ಲ. ಥಿಯೇಟರಿನ ಹೊಸಿಲನ್ನೇ ತುಳಿದವಳಲ್ಲ. ಅದು ಸೈತಾನನ ಪಡಸಾಲೆ ಎಂದು ಅವಳ ಪ್ರಾರ್ಥನಾಮಂದಿರದ ಹಿರಿಯರು ಹೇಳಿದ್ದರು, ಇವಳು ನಂಬಿದ್ದಳು. ಅವಳು ಮುಖ ತೊಳೆಯುತ್ತಿದ್ದದ್ದು ಗಾಜಿನ ತಟ್ಟೆಯ ಮೇಲೆ, ಸೀಸದ ಕಡ್ಡಿಯಿಂದ.

ನಾವಿಬ್ಬರೂ ಬೋಲ್ಡ್ ಬೀದಿಯ ಕ್ಯೂಲಿ ಯಜಮಾನರ ಫೋಟೋ ಸ್ಟುಡಿಯೋದವರು. ನಾನು ಡಾರ್ಕಸ್, ಮುದ್ರಣದ ಕೋಣೆಯವಳು. ಅವಳು ಪಕ್ಕದ ಕೋಣೆಯಲ್ಲಿ ತಿದ್ದುವವಳು. ರಾಣಿಯ ವಜ್ರ ಮಹೋತ್ಸವದ ಹಿಂದಿನ ವರ್ಷಗಳವು. ಊರಿನ ಹೊಗೆಸೊಪ್ಪಿನ ಕಾರ್ಖಾನೆಯೊಂದು ತನ್ನ ಸಿಗರೇಟು ಪೊಟ್ಟಣಗಳಲ್ಲಿ ಒಂದೊಂದು ಪುಟ್ಟ ಕಾರ್ಡು ಇಡುತ್ತಿತ್ತು. ಕಾಗದದ ಪೊಟ್ಟಣ ಜೇಬಿನಲ್ಲಿ ನಜ್ಜುಗುಜ್ಜಾಗದಿರಲಿ ಎಂದು ಶುರುವಾದದ್ದು. ಆಮೇಲೆ ಯಾರೋ ಬುದ್ಧಿವಂತ ಅದರ ಮೇಲೆ ನಟಿಯೊಬ್ಬಳ ಮುಖ, ಕೆಳಗೆ ಅವಳ ಹೆಸರು ಅಚ್ಚು ಹಾಕಿಸಿದ. ಅಷ್ಟೇ, ಗಂಡಸರು ಕೆಮ್ಮುತ್ತಾ ಕೆಮ್ಮುತ್ತಾ ಮುಂದಿನ ಪೊಟ್ಟಣ ಒಡೆಯತೊಡಗಿದರು. ಬಂದರಿನ ಕೂಲಿಗಳ ಟೋಪಿಯೊಳಗೆ, ಹಡಗಿನ ಮಲಗುವ ಹಲಗೆಗಳ ಪಕ್ಕ, ಕ್ಷೌರಿಕರ ಕನ್ನಡಿಯ ಅಂಚಿನಲ್ಲಿ, ಎಲ್ಲಿ ನೋಡಿದರೂ ನಮ್ಮ ನಟಿಯರು. ಆ ಮುಖಗಳನ್ನೆಲ್ಲ ತೆಗೆಯುತ್ತಿದ್ದದ್ದು ಕ್ಯೂಲಿ ಯಜಮಾನರು. ಆದರೆ ಅವನ್ನು ನೋಡುವಂತೆ ಮಾಡುತ್ತಿದ್ದದ್ದು ಕೆಟೂರಾ.

ಅವಳ ಮೇಜು ಕಿಟಕಿಗೆ ಎದುರಾಗಿತ್ತು. ಇಳಿಜಾರು ಹಲಗೆಯ ನಡುವೆ ಕಿಂಡಿ, ಅದರ ಹಿಂದೆ ಕನ್ನಡಿ, ತಲೆಯ ಮೇಲೆ ಕರಿಬಟ್ಟೆಯ ಮರೆ. ಕಿಂಡಿಗೆ ಫೋಟೋದ ನೆಗೆಟಿವ್ ಮೂಡಿದ ಗಾಜಿನ ತಟ್ಟೆ ಇಟ್ಟರೆ ಬೆಳಕು ಹಿಂದಿನಿಂದ ಬಂದು ನಟಿಯ ಮುಖ ಭೂತದಂತೆ ಕಾಣುತ್ತಿತ್ತು: ಕಪ್ಪಾಗಬೇಕಾದದ್ದು ಬಿಳಿ, ಬಿಳಿಯಾಗಬೇಕಾದದ್ದು ಕಪ್ಪು. ಅದರ ಮೇಲೆ ಸೂಜಿಯಂತೆ ಮೊನೆ ಮಾಡಿದ ಸೀಸದ ಕಡ್ಡಿಯಿಂದ ಕೆಟೂರಾ ಚುಕ್ಕೆ ಇಡುತ್ತಿದ್ದಳು. ಅವಳು ಚುಕ್ಕೆ ಇಟ್ಟಲ್ಲಿ ಕಾಗದದ ಮೇಲೆ ಸುಕ್ಕು ಮಾಯ. ಸೊಂಟ, ಗಲ್ಲ ಹೆಚ್ಚಾಗಿದ್ದರೆ ಚಿಕ್ಕ ಚೂರಿಯಿಂದ ಕೆರೆದು ಸಣ್ಣ ಮಾಡುತ್ತಿದ್ದಳು. ಹೀಗೆ ಒಬ್ಬೊಬ್ಬಳಿಗೂ ಹತ್ತು ವರ್ಷ ಪುಕ್ಕಟೆ. ಇಷ್ಟು ಕೆಲಸವನ್ನೂ ಅವಳು ಭಜನೆಯ ಹಾಡು ಗುನುಗುತ್ತಾ, ಬಾಯಲ್ಲಿ ಪೆಪ್ಪರ್‌ಮಿಂಟು ಇಟ್ಟುಕೊಂಡು ಮಾಡುತ್ತಿದ್ದಳು.

“ಅಲ್ಲಾ ಕೆಟೂರಾ, ನಾಟಕದೋರು ಪಾಪಿಗಳು ಅಂತೀಯಾ, ಅವರ ಮುಖಾನೇ ಇಡೀ ದಿನ ಸವರ್ತಾ ಕೂತಿರ್ತೀಯಲ್ಲ?” ಎಂದು ನಾನು ಕೆಣಕುತ್ತಿದ್ದೆ.

“ಪಾಪ, ಹೇಗಿದ್ರೂ ನರಕಕ್ಕೆ ಹೋಗೋರು. ಹೋಗೋಕ್ ಮುಂಚೆ ಚಂದವಾಗಾದ್ರೂ ಇರ್ಲಿ ಬಿಡೇ” ಎನ್ನುತ್ತಿದ್ದಳು ಕೆಟೂರಾ. ಅದು ತಮಾಷೆಯಲ್ಲ, ನಿಜವಾದ ಮರುಕವೇ ಆಗಿತ್ತು.

ಐವತ್ತರ ಹೆಂಗಸು, ಮದುವೆಯಾಗಿರಲಿಲ್ಲ, ದಪ್ಪ ಕನ್ನಡಕ, ಕಪ್ಪು ಬಾನೆಟ್ಟು ಟೋಪಿ. ಚಹಾಕ್ಕೆ ಕುಳಿತಾಗ ತನ್ನ ಪಾಲಿನ, ಪಾಕದಲ್ಲಿ ನೆನೆಸಿದ ಕೇಕಿನಲ್ಲಿ ದೊಡ್ಡ ತುಂಡನ್ನು ನನಗೇ ತಳ್ಳಿ, “ನೀನು ಬಾಯಿ ಆಡ್ಸಿ ಆಡ್ಸಿ ಸವೆದು ಹೋಗಿದೀಯ, ತಿನ್ನು” ಎಂದು ಬೈಯುತ್ತಿದ್ದಳು. ನನಗೆ ಅವಳನ್ನು ಕಂಡರೆ ಬಹಳ ಪ್ರೀತಿ. ಆದರೆ ಪ್ರೀತಿಯಿದೆಯೆಂದು ಕಣ್ಣು ಕುರುಡಾಗುವುದಿಲ್ಲವಲ್ಲ! ಅವಳಲ್ಲೊಂದು ದೋಷವಿತ್ತು. ಚೆಲುವು ಅಂದರೆ ಅವಳ ಮನಸ್ಸಿನಲ್ಲಿ ಇದ್ದದ್ದು ಒಂದೇ ಮೂಗು. ನೇರ, ಸಣ್ಣ, ತುದಿಯಲ್ಲಿ ಒಂದಿಷ್ಟೇ ಮೇಲೆದ್ದದ್ದು. ಬಂದವರಿಗೆಲ್ಲ ಅದನ್ನೇ ಹಚ್ಚುತ್ತಿದ್ದಳು. ಗಿಣಿಮೂಗಿನವಳಿಗೂ ಅದೇ, ಮೊಂಡುಮೂಗಿನವಳಿಗೂ ಅದೇ. ಊರಿನ ನಟಿಯರೆಲ್ಲ ಒಂದೇ ತಾಯಿಯ ಮಕ್ಕಳೆಂದು ಹಡಗಿನವರು ತಿಳಿದಿದ್ದರೆ ಆಶ್ಚರ್ಯವಿಲ್ಲ. ಹೇಳಿದರೆ, “ಚೆನ್ನಾಗಿರೋದು ಒಂದಿದ್ರೆ ಸಾಲ್ದಾ?” ಎನ್ನುತ್ತಿದ್ದಳು.

ಇನ್ನೊಂದು ಮಾತು. ಕೆಟೂರಾ ಆ ನಟಿಯರಲ್ಲಿ ಒಬ್ಬರನ್ನೂ ಕಣ್ಣಾರೆ ಕಂಡಿರಲಿಲ್ಲ. ಅವರು ಮುಂದಿನ ಕೋಣೆಗೆ ಬಂದು, ಕೂತು, ಎದ್ದು ಹೋಗುತ್ತಿದ್ದರು. ಅಷ್ಟು ಹೊತ್ತೂ ಇವಳು ಬಾಗಿಲು ಹಾಕಿಕೊಂಡಿರುತ್ತಿದ್ದಳು.

ಹೀಗಿರುವಾಗ ವಿಗನ್ನಿನಿಂದ ಟಿಲ್ಲಿ ಗಾರ್ಸ್ಟಾಂಗ್ ಬಂದಳು.

ಟಿಲ್ಲಿ ಹಾಸ್ಯದ ಹಾಡುಗಾತಿ. ವಿಗನ್, ಬೋಲ್ಟನ್, ಬರಿ ಎಂದು ಗಣಿ ಮತ್ತು ಗಿರಣಿಯ ಊರುಗಳಲ್ಲಿ ಇಪ್ಪತ್ತು ವರ್ಷ ಜನರನ್ನು ನಗಿಸಿದವಳು. ನಮ್ಮ ಊರಿಗೆ ಇದೇ ಮೊದಲ ಸಲ. ಬಂದರಿನ ಹತ್ತಿರದ ಥಿಯೇಟರಿನಲ್ಲಿ ನಾಲ್ಕು ವಾರದ ಕರಾರು ಸಿಕ್ಕಿತ್ತು. ಆಟ ಶುರುವಾಗುವ ಮೊದಲೇ ಅವಳ ಕಾರ್ಡು ಪೊಟ್ಟಣಗಳಲ್ಲಿ ಊರೆಲ್ಲ ಹರಡಲಿ ಎಂದು ಥಿಯೇಟರಿನ ಮ್ಯಾನೇಜರು ಸ್ಪರ್ಲಿಂಗ್ ಏರ್ಪಾಟು ಮಾಡಿದ್ದ. ಅವಳು ಮೆಟ್ಟಿಲು ಹತ್ತಿ ಬಂದಾಗ ನಾನು ಬಾಗಿಲಲ್ಲಿದ್ದೆ. ಅಗಲ ಮುಖ, ಜಜ್ಜಿದಂಥ ಮೂಗು, ಮುಂದಿನ ಹಲ್ಲುಗಳ ನಡುವೆ ಕಿರುಬೆರಳು ತೂರುವಷ್ಟು ಸಂದು. ಬೇಕೆಂದಾಗ ಕತ್ತು ಒಳಗೆಳೆದು ಒಂದು ಗಲ್ಲವನ್ನು ಮೂರು ಮಾಡುತ್ತಿದ್ದಳು.

“ನೋಡಿ ಯಜಮಾನ್ರೇ,” ಎಂದಳು ಕ್ಯಾಮೆರಾದ ಮುಂದೆ ಕೂತು, “ಈ ಮೂತೀನೇ ನನ್ನ ಅನ್ನ. ಇದನ್ನ ಮುಟ್ಟಬೇಡಿ. ಹೆಂಗಿದೀನೋ ಹಂಗೇ ಇರ್ಲಿ.”

“ಆಗಲಿ, ಆಗಲಿ” ಎಂದರು ಕ್ಯೂಲಿ ಯಜಮಾನರು ಕ್ಯಾಮೆರಾದ ಕರಿಬಟ್ಟೆಯೊಳಗಿಂದ.

ನಾನೂ ಆ ಮಾತನ್ನು ಗಾಜಿನ ತಟ್ಟೆಯ ಜೊತೆಗೇ ಕೆಟೂರಾಳಿಗೆ ತಲುಪಿಸಿದೆ. ಅವಳು ತುಟಿ ಬಿಚ್ಚದೆ ನಕ್ಕಳು. ನಾನೂ ನಕ್ಕೆ. ಏಕೆಂದರೆ ನಮ್ಮ ಕಸುಬಿನಲ್ಲಿ ಆ ಮಾತಿಗೆ ಬೆಲೆಯೇ ಇರಲಿಲ್ಲ. ಕ್ಯಾಮೆರಾದ ಮುಂದೆ ಕೂತ ನಟಿಯರೆಲ್ಲ ಮರ್ಯಾದೆಗೆಂದು ಹಾಗೇ ಹೇಳುವವರು: ನಾನು ಹೇಗಿದ್ದೇನೋ ಹಾಗೇ ಇರಲಿ, ನನಗೇನೂ ತಿದ್ದುವುದು ಬೇಡ. ಹಿಂದೊಮ್ಮೆ ಒಬ್ಬಳ ಮಾತನ್ನು ನಂಬಿ ಹಾಗೇ ಬಿಟ್ಟಿದ್ದಕ್ಕೆ ಅವಳು ನಮ್ಮ ಮೆಟ್ಟಿಲ ಮೇಲೆ ಕೂತು ಗೋಳೋ ಎಂದು ಅತ್ತಿದ್ದಳು, ಅವಳ ಗಂಡ ಬಂದು ಯಜಮಾನರ ಕೊರಳಪಟ್ಟಿ ಹಿಡಿದಿದ್ದ. ಅಲ್ಲಿಂದ ಮುಂದೆ “ಮುಟ್ಟಬೇಡಿ” ಅಂದರೆ “ಚೆನ್ನಾಗಿ ಮುಟ್ಟಿ” ಎಂದೇ ಲೆಕ್ಕ.

ಕೆಟೂರಾ ಟಿಲ್ಲಿಯ ತಟ್ಟೆಯ ಮುಂದೆ ಮೂರು ದಿನ ಕೂತಳು. ಅಷ್ಟು ಕೆಲಸ ಅವಳಿಗೆ ಯಾವ ಮುಖದಲ್ಲೂ ಸಿಕ್ಕಿರಲಿಲ್ಲ. ಹಲ್ಲಿನ ಸಂದು ಮುಚ್ಚಿದಳು, ಮೂಗು ಎಬ್ಬಿಸಿದಳು, ಗಲ್ಲ ಕೆರೆದಳು, ಕಣ್ಣಿನ ಕೆಳಗಿನ ಗೆರೆಗಳನ್ನು ಒಂದೊಂದಾಗಿ ತುಂಬಿದಳು. ಕೊನೆಗೆ ಮುದ್ರಿಸಿದ ಪ್ರತಿಯನ್ನು ನಾನು ತಂದು ತೋರಿಸಿದಾಗ ಬೆಳಕಿಗೆ ಹಿಡಿದು, “ಪಾಪದ ಹೆಂಗಸು. ಇದನ್ನ ನೋಡಿ ಎಷ್ಟು ಸಂತೋಷ ಪಡ್ತಾಳೋ” ಎಂದಳು. ಅವಳ ಕಣ್ಣು ತೇವವಾಗಿತ್ತು.

ಕಾರ್ಡು ಹೊರಟಿತು. ಊರಿನ ಗಂಡಸರಿಗೆ ಹುಚ್ಚು ಹಿಡಿಯಿತು. ಯಾರಪ್ಪಾ ಈ ಟಿಲ್ಲಿ ಗಾರ್ಸ್ಟಾಂಗ್, ಇಷ್ಟು ದಿನ ಎಲ್ಲಿದ್ದಳು ಎಂದು ಬಂದರಿನಲ್ಲೆಲ್ಲ ಅದೇ ಮಾತು.

ಮುಂದಿನ ಮಂಗಳವಾರ ಬೆಳಿಗ್ಗೆ ಟಿಲ್ಲಿ ಮತ್ತೆ ನಮ್ಮ ಮೆಟ್ಟಿಲು ಹತ್ತಿದಳು. ಅವಳ ಟೋಪಿ ಸೊಟ್ಟಗಿತ್ತು. ಕೈಯಲ್ಲಿ ಕಾರ್ಡು.

“ಎಲ್ಲಿ ಆ ಯಜಮಾನ? ಯಾರ್ರೀ ಇವಳು? ನಮ್ಮಪ್ಪಂಗೆ ಇನ್ನೊಬ್ಬ ಮಗಳಿದ್ಲಾ?”

ಕ್ಯೂಲಿ ಯಜಮಾನರು ಕ್ಯಾಮೆರಾ ಇಲ್ಲದಿದ್ದರೂ ಕರಿಬಟ್ಟೆಯೊಳಗೆ ಹೊಕ್ಕರು. ನಾನೇ ಕುರ್ಚಿ ಕೊಟ್ಟೆ, ಚಹಾ ಕೊಟ್ಟೆ. ಟಿಲ್ಲಿ ನಡೆದದ್ದನ್ನು ಹೇಳಿದಳು.

“ನಿನ್ನೆ ಮೊದಲನೇ ಆಟ. ಥಿಯೇಟರು ತುಂಬಿ ಮೆಟ್ಟಿಲ ಮೇಲೂ ಜನ. ನಾನಂದ್ಕೊಂಡೆ, ಟಿಲ್ಲಿ, ನಿನ್ ಅದೃಷ್ಟ ತಿರುಗ್ತು ಕಣೇ ಅಂತ. ಪರದೆ ಎದ್ದು ನಾನು ಹೊರಗ್ ಬಂದೆ ನೋಡು, ಪಿಸುಕ್ಕಂತ ಸದ್ದಿಲ್ಲ. ಆಮೇಲೆ ಒಬ್ಬ ಕೂಗ್ದ, ‘ಅಜ್ಜೀ, ನಿನ್ ಮೊಮ್ಮಗಳನ್ನ ಕಳ್ಸು!’ ಅಂತ. ಇಡೀ ಥಿಯೇಟರು ಕಾರ್ಡು ಎತ್ತಿ ಎತ್ತಿ ತೋರಿಸ್ತು. ‘ಟಿಲ್ಲಿ ಎಲ್ಲಿ, ಟಿಲ್ಲಿ ಬೇಕು’ ಅಂತ. ನಾನೇ ಟಿಲ್ಲಿ ಅಂತ ಹೇಳೋಕೆ ಹೋದ್ರೆ ಕಿತ್ತಳೆ ಸಿಪ್ಪೆ ಬಂತು.”

“ಅಯ್ಯೋ ದೇವರೇ” ಎಂದೆ.

“ಇರು, ಕತೆ ಅಲ್ಲಿಗ್ ಮುಗೀಲಿಲ್ಲ. ಆ ಸ್ಪರ್ಲಿಂಗ್ ನನ್ನ ಕೂರಿಸ್ಕೊಂಡು ಏನಂದ ಗೊತ್ತಾ? ‘ನೋಡು ತಾಯಿ, ಹೆಸರು ಗೋಡೆ ಮೇಲಿದೆ, ಮುಖ ಕಾರ್ಡಿನ ಮೇಲಿದೆ, ಎರಡೂ ಸರಿಯಾಗೇ ಇದೆ. ಸರಿಯಿಲ್ದೇ ಇರೋದು ನೀನೊಬ್ಳೇ.’ ಕರಾರಿನಲ್ಲಿ ನನ್ ಹಾಡು, ನನ್ ಹೆಸರು ನಾಲ್ಕು ವಾರ ಥಿಯೇಟರಿನದಂತೆ. ಕುಣಿಯೋ ಹುಡುಗೀರ ಸಾಲಲ್ಲಿ ರೋಡಾ ಅಂತ ಒಬ್ಳಿದಾಳೆ, ಈ ಕಾರ್ಡಿನ ಮುಖಾನೇ ಅವಳದು. ಶನಿವಾರ ಮಧ್ಯಾಹ್ನದ ಆಟದಿಂದ ಅವಳೇ ಟಿಲ್ಲಿ ಗಾರ್ಸ್ಟಾಂಗ್ ಅಂತೆ. ನಾನು ಅವಳಿಗೆ ಹಾಡು ಕಲಿಸ್ಬೇಕಂತೆ.”

ರೋಡಾಳನ್ನು ನಾನು ನೋಡಿದ್ದೆ. ದೇವರು ಆ ಹುಡುಗಿಯನ್ನು ಮಾಡುವಾಗ ಕೆಟೂರಾಳ ಕಡ್ಡಿಯನ್ನೇ ಎರವಲು ತಂದಿದ್ದನೇನೋ, ಆ ಮೂಗು ಅವಳಿಗೆ ಹುಟ್ಟಿನಿಂದಲೇ ಇತ್ತು.

“ನಾಲ್ಕು ವಾರ ತಾನೇ?” ಎಂದೆ, ಸಮಾಧಾನಕ್ಕೆ.

“ಆಮೇಲೆ? ಈ ಊರಲ್ಲಿ ಟಿಲ್ಲಿ ಅಂದ್ರೆ ರೋಡಾ ಅಂತ ಆಗ್ಹೋದ್ರೆ, ಮ್ಯಾಂಚೆಸ್ಟರಿನೋನೂ ಅವಳನ್ನೇ ಕರೀತಾನೆ. ವಿಗನ್ನಿನಲ್ಲೇ ನಾನು ನಕಲಿ ಆಗ್ತೀನಿ. ಇಪ್ಪತ್ತು ವರ್ಷ ಕಣವ್ವಾ. ನಂಗೆ ಮನೆ ಇಲ್ಲ, ಗಂಡ ಇಲ್ಲ. ಇರೋದು ಅದೊಂದು ಹೆಸರು.”

ಆಗ ಪಕ್ಕದ ಬಾಗಿಲು ತೆರೆಯಿತು. ಕೆಟೂರಾ ಹೊರಗೆ ಬಂದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಿಧಾನವಾಗಿ ಟಿಲ್ಲಿಯ ಹತ್ತಿರ ಬಂದು, ಬಾಗಿ, ದಪ್ಪ ಕನ್ನಡಕವನ್ನು ಅವಳ ಮುಖದ ಹತ್ತಿರಕ್ಕೆ ತಂದಳು.

“ಈ ಬಲಗಣ್ಣಿನ ಕೆಳಗಿನ ಮೂರು ಗೆರೆ,” ಎಂದಳು ಮೆಲ್ಲಗೆ, “ಇವಕ್ಕೇ ನಂಗೆ ಒಂದು ಬೆಳಗ್ಗೆ ಹಿಡೀತು.”

“ಓಹೋ, ನೀನೇನಾ ಆ ಪುಣ್ಯಾತ್‌ಗಿತ್ತಿ?”

“ನಾನ್ ಒಳ್ಳೇದು ಮಾಡ್ದೆ ಅಂದ್ಕೊಂಡೆ.”

“ಮುಟ್ಟಬೇಡಿ ಅಂದಿದ್ದೆನಲ್ಲೇ?”

“ಎಲ್ರೂ ಹಾಗಂತಾರೆ.”

ಟಿಲ್ಲಿ ಬೈಯಲು ಬಾಯಿ ತೆರೆದಳು. ಆದರೆ ಥಿಯೇಟರಿನಲ್ಲಿ ಬೆಳೆದವಳಲ್ಲವೇ, ಎಲ್ಲರೂ ಹಾಗೆನ್ನುತ್ತಾರೆ ಎಂಬುದು ಅವಳಿಗೂ ಗೊತ್ತು. ಸಿಟ್ಟು ಬಂದರೂ ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂದು, ಕೊನೆಗೆ ಅತ್ತುಬಿಟ್ಟಳು.

ಕೆಟೂರಾ ಒಳಗೆ ಹೋಗಿ ಆ ತಟ್ಟೆಯನ್ನು ತಂದಳು. ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ನಮ್ಮೆದುರಿಗೇ ಒರೆಸಿದಳು. ಮೂರು ದಿನದ ಕೆಲಸ ಒಂದು ಗಳಿಗೆಯಲ್ಲಿ ಬೂದಿಬಣ್ಣದ ಕೊಳೆಯಾಗಿ ಬಟ್ಟೆಗೆ ಬಂತು. ಗೆರೆಗಳು ಮರಳಿದವು, ಹಲ್ಲಿನ ಸಂದು ಮರಳಿತು, ಮೂಗೂ ಮರಳಿತು. ಚೂರಿಯಿಂದ ಕೆರೆದ ಗಲ್ಲ ಮಾತ್ರ ಮರಳಲಿಲ್ಲ.

“ಒಂದು ಗಲ್ಲ ಹೋದ್ರೆ ಹೋಗ್ಲಿ. ಇನ್ನೆರಡು ಇದಾವೆ” ಎಂದಳು ಟಿಲ್ಲಿ ಮೂಗು ಒರೆಸಿಕೊಳ್ಳುತ್ತಾ.

ನಾನು ಕೂಡಲೇ ಹೊಸ ಪ್ರತಿ ಮುದ್ರಿಸಿದೆ. ಕೆಟೂರಾ ಮತ್ತು ನಾನು ಅದನ್ನು ಹಿಡಿದುಕೊಂಡು ಸ್ಪರ್ಲಿಂಗನ ಹತ್ತಿರ ಹೋದೆವು. ಅವಳು ಥಿಯೇಟರಿನ ಒಳಗೆ ಬರಲೊಲ್ಲೆ ಎಂದದ್ದಕ್ಕೆ ಆ ಮನುಷ್ಯ ಬೀದಿಗೇ ಬರಬೇಕಾಯಿತು. ಚಿತ್ರ ನೋಡಿ, “ಸರಿ, ಇದೇ ನಿಜವಾದ ಮುಖ, ಒಪ್ಪಿದೆ. ಆದ್ರೆ ಈ ಊರಲ್ಲಿ ಅವಳನ್ನ ಯಾರು ನೋಡಿದಾರೆ ಹೇಳಿ? ಎಲ್ಲರ ಜೇಬಲ್ಲಿರೋದು ಆ ಕಾರ್ಡು. ಒಬ್ಬೊಬ್ಬರ ಜೇಬಿಗೂ ಕೈ ಹಾಕಿ ಬದಲಾಯಿಸ್ಕೊಂಡು ಬರ್ತೀರಾ?” ಎಂದ. ಅವನ ಮಾತಿನಲ್ಲೂ ತಪ್ಪಿರಲಿಲ್ಲ. ಅದೇ ನನಗೆ ಉರಿ ಹತ್ತಿಸಿದ್ದು.

ಶುಕ್ರವಾರದವರೆಗೂ ಕೆಟೂರಾ ಕಡ್ಡಿ ಮುಟ್ಟಲಿಲ್ಲ. ಶನಿವಾರ ಮಧ್ಯಾಹ್ನ ಅರ್ಧ ದಿನದ ರಜೆ. ಅವಳು ಬಾನೆಟ್ಟಿನ ದಾರ ಕಟ್ಟಿಕೊಂಡು, “ನಡಿ, ಹೋಗೋಣ” ಎಂದಳು.

“ಎಲ್ಲಿಗೆ?”

“ಥಿಯೇಟರಿಗೆ.”

ನಾನು ಕಣ್ಣು ಕಣ್ಣು ಬಿಟ್ಟೆ. “ನೀನು? ಸೈತಾನನ ಪಡಸಾಲೆಗೆ?”

“ನಾನ್ ಕೂತ್ಕೊಳ್ಳಲ್ಲ. ನಿಂತ್ಕೊಂಡು ನೋಡ್ತೀನಿ. ನಿಂತ್ರೆ ಹೋದ ಹಾಗೆ ಅಲ್ಲ” ಎಂದಳು ಕೆಟೂರಾ. ಇದನ್ನು ಅವಳು ನಾಲ್ಕು ದಿನ ಯೋಚಿಸಿ ಕಂಡುಕೊಂಡಿದ್ದಳೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಮೇಲಿನ ಬಾಲ್ಕನಿಯಲ್ಲಿ ಟಿಲ್ಲಿ ಆಗಲೇ ಶಾಲು ಹೊದ್ದು ಕೂತಿದ್ದಳು. ಬೇರೆ ಎಲ್ಲಿಗೆ ಹೋಗಬೇಕೆಂದು ಗೊತ್ತಾಗದೆ ಬಂದೆ ಎಂದಳು. ನಾನು ಪಕ್ಕದಲ್ಲಿ ಕೂತೆ. ಕೆಟೂರಾ ನಿಂತಳು. ಹಿಂದಿನವರು ಬಟಾಣಿ ತಿನ್ನುತ್ತಾ, “ಕೂತ್ಕೊಳ್ಳಮ್ಮಾ, ನಿನ್ ಟೋಪಿ ನೋಡೋಕೆ ದುಡ್ಡು ಕೊಟ್ಟಿಲ್ಲ!” ಎಂದು ಕೂಗಿದರು. ಅವಳು ಕದಲಲಿಲ್ಲ.

ಪರದೆ ಎದ್ದಿತು. ರೋಡಾ ಹೊರಗೆ ಬಂದದ್ದೇ ತಡ, ಚಪ್ಪಾಳೆ, ಶಿಳ್ಳೆ, ಮೇಲಕ್ಕೆಸೆದ ಟೋಪಿಗಳು. ಕಾರ್ಡಿನ ಮುಖವೇ ನಡೆದುಬಂದಿತ್ತು. ಟಿಲ್ಲಿ ಶಾಲನ್ನು ಬಾಯಿಗೆ ಒತ್ತಿಕೊಂಡಳು.

ಆಮೇಲೆ ರೋಡಾ ಹಾಡಿದಳು. ಟಿಲ್ಲಿಯ ಹೆಸರುವಾಸಿ ಹಾಡು. ಮೀನು ಹುರಿಯುವ ಹೆಂಗಸೊಬ್ಬಳ ಗಂಡ ಉಪ್ಪು ತರಲು ಅಂಗಡಿಗೆ ಹೋಗಿ ಅಮೆರಿಕದ ಹಡಗು ಹತ್ತಿದ ಕತೆ. ಪಲ್ಲವಿ ಬರುವ ಹೊತ್ತಿಗೆ ಹೆಂಗಸು ಬಾಣಲೆಯನ್ನೂ ಬಾಗಿಲನ್ನೂ ನೋಡಬೇಕು. ಅಷ್ಟೇ ಇರುವುದು ಆ ಹಾಡಿನಲ್ಲಿ. ರೋಡಾಳ ಕಂಠ ಚೆನ್ನಾಗಿತ್ತು, ಕಾಲು ಚೆನ್ನಾಗಿತ್ತು, ಮೂಗಂತೂ ಕೇಳುವುದೇ ಬೇಡ. ಆದರೆ ಆ ಮುಖದಲ್ಲಿ ಬಾಣಲೆಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಎರಡನೆಯ ಚರಣಕ್ಕೆ ಜನ ಕೆಮ್ಮತೊಡಗಿದರು. ಮೂರನೆಯದಕ್ಕೆ ಕಿತ್ತಳೆ ಸುಲಿಯತೊಡಗಿದರು. ಹುಡುಗಿಗೆ ಭಯವಾಗಿ ಸಾಲು ಮರೆತುಹೋಯಿತು. ವಾದ್ಯದವರು ಅದೇ ತುಂಡನ್ನು ಮತ್ತೆ ನುಡಿಸಿದರು. ಅವಳು ಮುಳ್ಳಿಗೆ ಸಿಕ್ಕಿಕೊಂಡವಳಂತೆ ಲಂಗ ಹಿಡಿದು ನಿಂತಳು.

ಟಿಲ್ಲಿಗೆ ರೋಡಾಳ ಮೇಲೆ ಎಷ್ಟು ಸಿಟ್ಟಿತ್ತೋ ನಾನರಿಯೆ. ಆದರೆ ತನ್ನ ಹಾಡು ಕಣ್ಣೆದುರಿಗೆ ಸಾಯುವುದನ್ನು ಅವಳಿಂದ ನೋಡಲಾಗಲಿಲ್ಲ. ಕೂತಲ್ಲಿಂದಲೇ ಎತ್ತಿಕೊಂಡಳು:

“ಉಪ್ಪು ತರೋಕ್ ಹೋದ ನನ್ ಗಂಡ,
ಮೀನು ಇನ್ನೂ ಬಾಣಲೇಲಿ…”

ಜನ ತಿರುಗಿದರು. ಟಿಲ್ಲಿ ಎದ್ದು ನಿಂತು ಬಾಣಲೆ ನೋಡಿದಳು. ಬಾಗಿಲು ನೋಡಿದಳು. ಮತ್ತೆ ಬಾಣಲೆ. ಮೀನು ಸೀಯುತ್ತಿದೆ, ಗಂಡ ಬರುತ್ತಿಲ್ಲ. ಆ ಜಜ್ಜಿದ ಮೂಗು ಸೀದ ವಾಸನೆ ಹಿಡಿಯಿತು, ಕಣ್ಣಿನ ಕೆಳಗಿನ ಗೆರೆಗಳು ಇನ್ನೂ ಆಸೆ ಬಿಟ್ಟಿರಲಿಲ್ಲ, ಗಲ್ಲ ಮಾತ್ರ ಒಂದಾದ ಮೇಲೊಂದು ಇಳಿಯಿತು. ಹಿಂದೆ ಬಟಾಣಿ ತಿನ್ನುತ್ತಿದ್ದವನು ಬಟಾಣಿ ಉಗುಳಿದ. ಥಿಯೇಟರಿಗೆ ಥಿಯೇಟರೇ ಹೊಟ್ಟೆ ಹಿಡಿದುಕೊಂಡಿತು. ನಾನು ಕೆಟೂರಾಳತ್ತ ನೋಡಿದೆ. ಅವಳು ಬಾಲ್ಕನಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಗುತ್ತಿದ್ದಳು. ಕನ್ನಡಕ ಜಾರಿ ತುಟಿಯವರೆಗೆ ಬಂದಿತ್ತು. ಅಷ್ಟು ವರ್ಷದಲ್ಲಿ ಅವಳ ಹಲ್ಲು ನೋಡಿದ್ದು ನಾನು ಅದೇ ಮೊದಲು.

ಹಾಡು ಮುಗಿಯಿತು. ಕೆಳಗಿನಿಂದ ಒಬ್ಬ ನಾವಿಕ ಎದ್ದು ಕೂಗಿದ, “ಏ ಅಕ್ಕಾ, ಸೋಮವಾರ ಬಂದಿದ್ದೋಳು ನೀನೇ ಅಲ್ವಾ? ಯಾರೇ ನೀನು?”

“ನಾನೇ ಟಿಲ್ಲಿ ಗಾರ್ಸ್ಟಾಂಗ್.”

“ಸುಳ್ಳು! ಇಲ್ನೋಡು ಕಾರ್ಡು!”

“ಸುಳ್ಳು, ಸುಳ್ಳು” ಎಂದು ಇನ್ನೂ ನಾಲ್ಕು ಕಡೆಯಿಂದ ಎದ್ದಿತು. ನಗು ಹಾಗೇ ಗದ್ದಲವಾಗಿ ತಿರುಗುವುದರಲ್ಲಿತ್ತು. ಟಿಲ್ಲಿಯ ಮುಖ ಬಿಳಿಚಿತು.

“ಅವಳು ಹೇಳ್ತಿರೋದು ನಿಜ” ಎಂದಳು ಕೆಟೂರಾ.

ಭಜನೆಯಲ್ಲಿ ಪಳಗಿದ ಗಂಟಲು. ಕೂಗದಿದ್ದರೂ ವೇದಿಕೆಯವರೆಗೆ ಮುಟ್ಟಿತು. ಟಿಲ್ಲಿಯನ್ನು ಬಿಟ್ಟರೆ ಇಡೀ ಬಾಲ್ಕನಿಯಲ್ಲಿ ನಿಂತಿದ್ದವಳು ಅವಳೊಬ್ಬಳೇ ಆದ್ದರಿಂದ ಹುಡುಕುವ ಕಷ್ಟವೂ ಯಾರಿಗೂ ಆಗಲಿಲ್ಲ.

“ಆ ಕಾರ್ಡು ತಿದ್ದಿದ್ದು ನಾನು. ಅದರಲ್ಲಿ ಟೋಪಿ ಬಿಟ್ರೆ ಈ ಅಮ್ಮಂದು ಏನೂ ಇಲ್ಲ. ಹಲ್ಲು ನಾನ್ ಮುಚ್ಚಿದ್ದು. ಗಲ್ಲ ನಾನ್ ಕೆರೆದಿದ್ದು. ಮೂಗು ನಂದು.”

“ನಿಂದಾ? ನಿನ್ ಮೂಗು ಹಾಗಿಲ್ವಲ್ಲಮ್ಮಾ!” ಎಂದ ನಾವಿಕ.

“ನಂದು ಅಂದ್ರೆ ನಾನ್ ಬರೆದಿದ್ದು. ನಾನ್ ಎಲ್ರಿಗೂ ಅದೇ ಹಾಕೋದು. ಬೇಕಾದ್ರೆ ನೋಡ್ಕೊಳ್ಳಿ.”

ಆಮೇಲೆ ಆ ನಾವಿಕ ಜೇಬಿನಿಂದ ತನ್ನ ಕಾರ್ಡುಗಳ ಕಟ್ಟು ತೆಗೆದ. ಪಕ್ಕದವನೂ ತೆಗೆದ. ಟೋಪಿಯೊಳಗಿಂದ, ಕೋಟಿನೊಳಗಿಂದ, ಪೊಟ್ಟಣದೊಳಗಿಂದ, ಥಿಯೇಟರಿನ ಗಂಡಸರೆಲ್ಲ ತಮ್ಮ ತಮ್ಮ ನಟಿಯರನ್ನು ತೆಗೆದು ಅನಿಲದೀಪದ ಬೆಳಕಿಗೆ ಹಿಡಿದರು. ತಾವು ರಾಣಿಯಂತೆ ಜೋಪಾನ ಮಾಡಿಟ್ಟವಳನ್ನು ಪಕ್ಕದವನ ರಾಣಿಯ ಪಕ್ಕಕ್ಕಿಟ್ಟು ನೋಡಿದರು.

“ಅಯ್ಯೋ ದೇವರೇ, ಇವಳಿಗೂ ಅದೇ!”

“ನನ್ನೋಳಿಗೂ ಅದೇ ಕಣೋ!”

“ಲೇ, ನಾನು ಈ ಮೂಗಿಗೋಸ್ಕರ ಎರಡು ವರ್ಷ ಕೆಮ್ಮಿದೀನಲ್ಲೋ!”

ಅಂಥ ನಗುವನ್ನು ನಾನು ಅದಕ್ಕೆ ಮುಂಚೆ ಕೇಳಿಲ್ಲ, ಆಮೇಲೆಯೂ ಕೇಳಿಲ್ಲ. ವೇದಿಕೆಯ ಮೇಲೆ ರೋಡಾಳೂ ನಗುತ್ತಿದ್ದಳು, ನೇಣಿನಿಂದ ಪಾರಾದವರ ನಗು. ಅವಳೇ ಮುಂದೆ ಬಂದು ಬಾಲ್ಕನಿಯತ್ತ ಕೈ ಚಾಚಿ, “ಬನ್ನಿ ಟಿಲ್ಲಿ ಅಕ್ಕಾ, ನಿಮ್ಮ ಗಂಡನ್ನ ನೀವೇ ಹುಡುಕ್ಕೊಳ್ಳಿ!” ಎಂದಳು. ಜನ ಟಿಲ್ಲಿಯನ್ನು ಹೆಗಲ ಮೇಲೆ ಕೂರಿಸಿಕೊಂಡೇ ಕೆಳಗಿಳಿಸಿದರು. ಅವಳು ಮೊದಲಿನಿಂದ ಶುರುಮಾಡಿ ಹಾಡನ್ನು ಪೂರ್ತಿ ಹಾಡಿದಳು. ಆಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು.

ಹೊರಗೆ ಬರುವಾಗ ಸ್ಪರ್ಲಿಂಗ್ ಓಡಿಬಂದು ಕೆಟೂರಾಳ ಕೈ ಹಿಡಿದ. ಅವನ ಮುಖ ಹಬ್ಬವಾಗಿತ್ತು. “ಅಮ್ಮಾ, ದಿನಾ ಬನ್ನಿ! ಅದೇ ಜಾಗದಲ್ಲಿ ನಿಂತು ಅದನ್ನೇ ಹೇಳಿ! ಏನ್ ಬೇಕೋ ಕೇಳಿ!”

ಕೆಟೂರಾ ಕೈ ಬಿಡಿಸಿಕೊಂಡಳು. “ಒಂದು ಸಲ ಹೇಳಿದ್ರೆ ಸತ್ಯ. ದಿನಾ ಹೇಳಿದ್ರೆ ನಾಟಕ ಆಗುತ್ತೆ ಸ್ವಾಮಿ. ನಾನ್ ಆ ಜಾತಿಯೋಳಲ್ಲ.”

ಟ್ರಾಮಿನಲ್ಲಿ ಮನೆಗೆ ಹೋಗುವಾಗ ನಾನು ಕೆಣಕಲಿಲ್ಲ. ಕೊನೆಗೆ ಅವಳೇ, “ಡಾರ್ಕಸ್, ಇಷ್ಟು ವರ್ಷ ನಾನು ಅಲ್ಲಾಡದೇ ಇರೋ ಮುಖ ಮಾತ್ರ ನೋಡಿದ್ದೆ ಕಣೇ. ಆ ಗೆರೆ ಎಲ್ಲ ಯಾಕಿರುತ್ತೆ ಅಂತಾನೇ ಗೊತ್ತಿರ್ಲಿಲ್ಲ” ಎಂದಳು. ನಾನು ಅವಳ ತೋಳು ಹಿಡಿದುಕೊಂಡೆ.

ಟಿಲ್ಲಿ ನಾಲ್ಕು ವಾರಕ್ಕೆ ಬಂದವಳು ಚಳಿಗಾಲ ಮುಗಿಯುವವರೆಗೂ ಉಳಿದಳು. ಕಾರ್ಖಾನೆಯವರು ಅವಳ ನಿಜವಾದ ಮುಖದ ಹೊಸ ಕಾರ್ಡು ಹಾಕಿಸಿದರು. ಅದರ ತಟ್ಟೆ ಮೇಜಿಗೆ ಬಂದ ದಿನ ಟಿಲ್ಲಿ ತಾನೇ ಕಾವಲಿಗೆ ಬಂದು ಕೂತಳು. ಕೆಟೂರಾ ಕೈ ತಡೆಯಲಾರದೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದಳು. ಟಿಲ್ಲಿಗೇ ಕನಿಕರ ಬಂತು. “ಹಣೆ ಮೇಲಿನ ಆ ಗುಳ್ಳೆ ನಂದಲ್ಲ, ಮೊನ್ನೆ ತಿಂದ ಹಂದಿಮಾಂಸದ್ದು. ಅದೊಂದನ್ನ ತೆಗಿ, ಪಾಪ” ಎಂದಳು. ಕೆಟೂರಾ ಅದಕ್ಕೇ ಅರ್ಧ ದಿನ ತೆಗೆದುಕೊಂಡಳು.

ಅಲ್ಲಿಂದ ಮುಂದೆ ಅವಳೊಂದು ಹೊಸ ಪದ್ಧತಿ ಹಿಡಿದಳು. ನಟಿ ಕ್ಯಾಮೆರಾದ ಮುಂದಿನಿಂದ ಏಳುತ್ತಿದ್ದಂತೆ ಬಾಗಿಲು ತೆರೆದು ಬಂದು, ಕನ್ನಡಕ ಸರಿಮಾಡಿಕೊಂಡು, “ಏನ್ ತೆಗೀಲಿ ಅಂತ ನಾನ್ ಕೇಳಲ್ಲಮ್ಮ. ಏನ್ ಬಿಡ್ಲಿ?” ಎಂದು ಕೇಳುತ್ತಿದ್ದಳು. ನಟಿಯರನ್ನು ಹೀಗೆ ಕೇಳಿದವರೇ ಇರಲಿಲ್ಲ. ಕೆಲವರು ಕನ್ನಡಿ ಕೇಳುತ್ತಿದ್ದರು. ಕೆಲವರು ನಗುತ್ತಿದ್ದರು. ಒಬ್ಬ ದೊಡ್ಡ ನಟಿಯಂತೂ “ಏನೂ ಬಿಡಬೇಡ, ಎಲ್ಲಾ ತೆಗಿ” ಎಂದು ಎದ್ದು ಹೋದಳು. ಕೆಟೂರಾ ಹಾಗೇ ಮಾಡಿದಳು. ಕೆಲಸ ತಡವಾಗುತ್ತದೆಂದು ಕ್ಯೂಲಿ ಯಜಮಾನರು ಗೊಣಗಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ವಸಂತದಲ್ಲಿ ರೋಡಾ ಬಂದಳು. ಕುಣಿಯುವ ಸಾಲಿನಿಂದ ಮುಂದೆ ಬಂದು ಅವಳಿಗೊಂದು ಪುಟ್ಟ ಪಾತ್ರ ಸಿಕ್ಕಿತ್ತು; ತನ್ನದೇ ಹೆಸರಿನ ಕಾರ್ಡು, ಮೊದಲನೆಯದು. ಅವಳ ಮುಖದಲ್ಲಿ ತೆಗೆಯಲು ಏನೂ ಇಲ್ಲವೆಂದೇ ನಾನು ತಿಳಿದಿದ್ದೆ. ಕೆಟೂರಾ ಹೊರಗೆ ಬಂದು ಎಂದಿನಂತೆ ಕೇಳಿದಳು. ರೋಡಾ ಕೈವಸ್ತ್ರದಿಂದ ಎಡಕೆನ್ನೆಯ ಪೌಡರನ್ನು ಗಟ್ಟಿಯಾಗಿ ಒರೆಸಿಕೊಂಡಳು. ಕಿವಿಯ ಹತ್ತಿರ ಸಿಡುಬಿನ ಗುಳಿಯೊಂದು ಕಾಣಿಸಿತು, ಬೆರಳ ತುದಿಯಷ್ಟು ದೊಡ್ಡದು.

“ಇದನ್ನ ಬಿಡಿ” ಎಂದಳು.

“ಇದನ್ನಾ? ಒಂದು ಚುಕ್ಕೆ ಇಟ್ರೆ ಹೋಗುತ್ತಲ್ಲ ಮಗಾ. ಇಷ್ಟು ಚಂದದ ಮುಖ.”

“ಬೇಡಮ್ಮಾ, ಇರ್ಲಿ. ಬರೀ ಚಂದದ ಮುಖ ಆದ್ರೆ ನಾಳೆ ನನ್ ಹೆಸರಿಗೂ ಸ್ಪರ್ಲಿಂಗ್ ಇನ್ನೊಬ್ಬಳನ್ನ ಹುಡುಕಿ ತರ್ತಾನೆ” ಎಂದಳು ರೋಡಾ.